ಗೊಂಬೆಯ ಓಲೆ

ಪರದೇಶದ ವಿಶ್ವವಿದ್ಯಾನಿಲಯದಲ್ಲಿ ಒಂದು ಸೆಮಿಸ್ಟರಿನ ಮಟ್ಟಿಗೆ ಓದಿ ಬರುವ ಮಕ್ಕಳು ಈಗ ನಮ್ಮ ಮಧ್ಯಮ ತರಗತಿಯ ಮನೆಗಳಲ್ಲಿಯೂ ಅಪರೂಪವಲ್ಲ. ಸೆಮಿಸ್ಟರ್ ಎಂಬುದು ಲ್ಯಾಟಿನ್ ಮೂಲದ ಶಬ್ದ; ಆರು ತಿಂಗಳ ಅವಧಿಯೆಂದು ಅದರ ಅರ್ಥ. ಯುರೋಪಿನಲ್ಲಿ 1987ರಲ್ಲಿ ಎರಾಸ್ಮಸ್ ಯೋಜನೆಯು ಆರಂಭವಾದಾಗ, ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಹೀಗೆ ನೆರೆನಾಡುಗಳಿಗೆ ಹೋಗಿ ಓದಿದರು. ಅಂದಿನಿಂದ ಈ ಪದ್ಧತಿಯು ಬಹಳವಾಗಿ ಬೆಳೆದಿದೆ. ಇದರೊಡನೆ ಒಂದು ವಿನೋದದ ರೂಢಿಯೂ ಹುಟ್ಟಿಕೊಂಡಿದೆ. ಹೊರಡುವ ಹುಡುಗನೋ ಹುಡುಗಿಯೋ ಪೆಟ್ಟಿಗೆಯಲ್ಲಿ ಒಂದು ಸಣ್ಣ ಗೊಂಬೆಯನ್ನು ಇಟ್ಟುಕೊಳ್ಳುವುದು, ಹೋದ ಹೋದ ಊರಿನಲ್ಲಿ ಅದನ್ನು ನಿಲ್ಲಿಸಿ ಭಾವಚಿತ್ರ ತೆಗೆಯುವುದು, ಮನೆಗೆ ಕಳುಹಿಸುವ ಸುದ್ದಿಯನ್ನು ಆ ಗೊಂಬೆಯ ಬಾಯಿಂದಲೇ ಹೇಳಿಸುವುದು.

"ಇಪ್ಪತ್ತು ವರ್ಷದ ಮಕ್ಕಳಿಗೆ ಇದೇನು ಗೊಂಬೆಯಾಟ?" ಎಂದು ಕೆಲವು ಹಿರಿಯರು ನಗುವುದುಂಟು. ನಮ್ಮ ಅಭಿಪ್ರಾಯ ಬೇರೆ. ನೇರವಾಗಿ ಆಡಲಾರದ ಮಾತನ್ನು ಗೊಂಬೆಯ ಮೂಲಕ ಆಡಬಹುದು. ಗುರುತಿಲ್ಲದವರ ನಡುವೆ ಅದು ಗುರುತಿನವನಾಗಿ ನಿಲ್ಲುತ್ತದೆ. ಇದಕ್ಕೆ ಎರಡು ನಿದರ್ಶನಗಳನ್ನು ವಾಚಕರ ಮುಂದೆ ಇಡುತ್ತೇವೆ.

ಅಮೆರಿಕದ ಜೆಫ್ ಬ್ರೌನ್ ಎಂಬವರು 1964ರಲ್ಲಿ 'ಫ್ಲಾಟ್ ಸ್ಟಾನ್ಲಿ' ಎಂಬ ಮಕ್ಕಳ ಕಥೆಯನ್ನು ಪ್ರಕಟಿಸಿದರು. ಮೈಮೇಲೆ ಹಲಗೆ ಬಿದ್ದು ಕಾಗದದಂತೆ ಚಪ್ಪಟೆಯಾದ ಬಾಲಕನೊಬ್ಬನು ಲಕೋಟೆಯೊಳಗೆ ಸೇರಿ ಅಂಚೆಯಲ್ಲಿ ಪ್ರವಾಸ ಹೋಗುವುದು ಅದರಲ್ಲಿನ ಒಂದು ಪ್ರಸಂಗ. ಕೆನಡಾದ ಒಂಟಾರಿಯೋ ಪ್ರಾಂತದಲ್ಲಿ ಉಪಾಧ್ಯಾಯರಾಗಿದ್ದ ಡೇಲ್ ಹ್ಯೂಬರ್ಟ್ ಎಂಬವರು 1995ರಲ್ಲಿ ಇದನ್ನೇ ಪಾಠವಾಗಿ ಮಾಡಿದರು. ಮಕ್ಕಳು ಕಾಗದದಲ್ಲಿ ಸ್ಟಾನ್ಲಿಯನ್ನು ಕತ್ತರಿಸಿ ದೂರದ ಶಾಲೆಗೆ ಕಳುಹಿಸಬೇಕು. ಅಲ್ಲಿಯ ಮಕ್ಕಳು ಅವನನ್ನು ಅತಿಥಿಯಂತೆ ಕಂಡು, ಅವನ ದಿನಚರಿಯನ್ನು ಬರೆದು ಹಿಂದಿರುಗಿಸಬೇಕು. ಕಾಣದ ಮಗುವಿಗೆ ಏನು ಬರೆಯುವುದೆಂಬ ಸಂಕೋಚವು ಇದರಿಂದ ಕಳೆಯಿತು. ಇಬ್ಬರಿಗೂ ಗೊತ್ತಿರುವ ಗೆಳೆಯನೊಬ್ಬನ ಸುದ್ದಿಯನ್ನು ಬರೆಯುವುದೇನು ಕಷ್ಟ?

ಎರಡನೆಯದು ಇದಕ್ಕಿಂತ ಗಂಭೀರವಾದುದು. 1924ರಲ್ಲಿ ಅಮೆರಿಕವು ಜಪಾನಿನಿಂದ ಬರುವ ವಲಸೆಗಾರರಿಗೆ ಕಾನೂನಿನ ಮೂಲಕ ಬಾಗಿಲು ಮುಚ್ಚಿತು. ಅನೇಕ ವರ್ಷ ಜಪಾನಿನಲ್ಲಿ ನೆಲಸಿದ್ದ ಸಿಡ್ನಿ ಗೂಲಿಕ್ ಎಂಬ ಪಾದ್ರಿಗಳು ಇದರಿಂದ ನೊಂದು, ದೊಡ್ಡವರ ವೈರವನ್ನು ಮಕ್ಕಳ ಸ್ನೇಹದಿಂದಲಾದರೂ ತಗ್ಗಿಸಬೇಕೆಂದು ಯತ್ನಿಸಿದರು. ಅದರ ಫಲವಾಗಿ 1927ರಲ್ಲಿ 12,000ಕ್ಕೂ ಹೆಚ್ಚು ಗೊಂಬೆಗಳು ಅಮೆರಿಕದಿಂದ ಜಪಾನಿಗೆ ಹಡಗಿನಲ್ಲಿ ಹೋದುವು. ಪ್ರತಿಯೊಂದಕ್ಕೂ ಒಂದು ಹೆಸರು, ಒಂದು ರಹದಾರಿ, ಮಕ್ಕಳು ಬರೆದ ಒಂದು ಓಲೆ! ಮಾರ್ಚಿ 3ರಂದು ಜಪಾನಿನಲ್ಲಿ ಹೆಣ್ಣುಮಕ್ಕಳ ಗೊಂಬೆ ಹಬ್ಬ. ನಮ್ಮ ದಸರೆಯಂತೆ ಅಲ್ಲಿಯೂ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುತ್ತಾರೆ. ಆ ಹಬ್ಬದ ವೇಳೆಗೆ ಬಂದ ಅತಿಥಿಗಳನ್ನು ಶಿಶುವಿಹಾರಗಳಿಗೂ ಶಾಲೆಗಳಿಗೂ ಹಂಚಿದರು. ಶಿಬುಸಾವಾ ಐಯಿಚಿ ಎಂಬ ಪ್ರಸಿದ್ಧ ವರ್ತಕರ ಮುಂದಾಳುತನದಲ್ಲಿ, ಅದೇ ವರ್ಷದ ಕೊನೆಗೆ, ಜಪಾನು ಸುಮಾರು ಎರಡೂಮುಕ್ಕಾಲು ಅಡಿ ಎತ್ತರದ 58 ಗೊಂಬೆಗಳನ್ನು ಮರುಕಾಣಿಕೆಯಾಗಿ ಕಳುಹಿಸಿತು.

ಆದರೆ ಯುದ್ಧವು ತಪ್ಪಲಿಲ್ಲ. 1941ರ ಬಳಿಕ ಆ ನೀಲಿಗಣ್ಣಿನ ಗೊಂಬೆಗಳು ಶತ್ರುಗಳೆನಿಸಿದುವು. ಬಹುಪಾಲು ಗೊಂಬೆಗಳನ್ನು ಸುಟ್ಟರು, ಮುರಿದರು. ಆದರೂ ಕೆಲವು ಉಪಾಧ್ಯಾಯರು ತಮ್ಮ ಶಾಲೆಯ ಗೊಂಬೆಯನ್ನು ಗುಟ್ಟಾಗಿ ಬಚ್ಚಿಟ್ಟರು. ಹಾಗೆ ಉಳಿದು ಮುಂದೆ ಬೆಳಕಿಗೆ ಬಂದುವು 300ಕ್ಕೂ ಹೆಚ್ಚು. ಗೊಂಬೆಗಳು ಯುದ್ಧವನ್ನು ತಡೆಯಲಿಲ್ಲವೆಂಬುದು ನಿಜ. ಆದರೆ ಹೆಸರು ಹಿಡಿದು ಕರೆದ ಅತಿಥಿಯನ್ನು ಬೆಂಕಿಗೆ ಹಾಕಲು ಕೆಲವರಿಗಾದರೂ ಕೈ ಬರಲಿಲ್ಲ. ಇದು ಸಣ್ಣ ಮಾತೆ?

ಈಗ ನಮ್ಮ ವಿದ್ಯಾರ್ಥಿಯ ಕಡೆಗೆ ತಿರುಗೋಣ. ಅವನು ಜರ್ಮನಿಗೆ ಹೋಗಿರುವನೆನ್ನಿ. ಅಲ್ಲಿ ಚಳಿಗಾಲದ ಸೆಮಿಸ್ಟರು ಅಕ್ಟೋಬರಿನಲ್ಲಿ ಮೊದಲಾಗುತ್ತದೆ. ಡಿಸೆಂಬರು ಬಂದಿತೆಂದರೆ ಬರ್ಲಿನ್ ನಗರದಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯಾಸ್ತ. ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ. ಭಾಷೆ ಬಾರದು, ಬಳಕೆಯವರಿಲ್ಲ, ಊಟ ಒಗ್ಗದು. ಮನೆಯವರು ವಿಚಾರಿಸಿದರೆ "ಚೆನ್ನಾಗಿದ್ದೇನಮ್ಮ" ಎಂಬ ಒಂದೇ ಉತ್ತರ. ಸಾಲ ಮಾಡಿ ಕಳುಹಿಸಿದ ತಂದೆಗೆ ತನ್ನ ಬೇಸರವನ್ನು ಹೇಳಿಕೊಳ್ಳಲು ಯಾವ ಮಗನಿಗೆ ಮನಸ್ಸು ಬಂದೀತು? ಆದರೆ ಅವನ ಮೇಜಿನ ಮೇಲಿನ ಚನ್ನಪಟ್ಟಣದ ಬೊಂಬೆಗೆ ಈ ಬಿಗುಮಾನವಿಲ್ಲ. "ಇಲ್ಲಿ ಬಹಳ ಚಳಿ. ಎರಡು ದಿನದಿಂದ ನನ್ನನ್ನು ಯಾರೂ ಮಾತನಾಡಿಸಲಿಲ್ಲ. ಸಾರಿನ ಪುಡಿ ಮುಗಿದಿದೆ" ಎಂದು ಅದು ನಿರ್ಭಯವಾಗಿ ಹೇಳಿಬಿಡುತ್ತದೆ.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಗೊಂಬೆಯ ಓಲೆಯನ್ನು ಓದಿ ನಕ್ಕು ಬಿಟ್ಟುಬಿಡಬೇಡಿ. ಎರಡನೆಯ ಸಲ ಓದಿರಿ. ಗೊಂಬೆಗೆ ಚಳಿಯಾಗಿದ್ದರೆ ಮಗುವಿಗೆ ಚಳಿಯಾಗಿದೆ. ಉತ್ತರವನ್ನೂ ಗೊಂಬೆಯ ಹೆಸರಿಗೇ ಬರೆಯಿರಿ. "ನಿನ್ನ ಯಜಮಾನನನ್ನು ಪಕ್ಕದ ಕೋಣೆಯವರ ಬಾಗಿಲು ತಟ್ಟಿಸು, ನಿನ್ನನ್ನೂ ಜೊತೆಯಲ್ಲಿ ಕರೆದೊಯ್ಯಲಿ" ಎಂದು ಹೇಳಿರಿ. ಬುದ್ಧಿವಾದವನ್ನು ನೇರವಾಗಿ ಹೇಳಿದರೆ ಮುನಿಯುವ ಮಕ್ಕಳು ಗೊಂಬೆಗೆ ಹೇಳಿದುದನ್ನು ನಗುತ್ತ ಕೇಳುವರು. ಬಣ್ಣದ ಬೊಂಬೆಯನ್ನು ಕಂಡು "ಇದು ಯಾವ ಊರಿನದು?" ಎಂದು ಆ ನೆರೆಯವರು ಕೇಳಿದರೆಂದರೆ ಪರಿಚಯಕ್ಕೆ ಮೊದಲ ಮಾತು ದೊರೆತಂತಾಯಿತು.

ಮಗುವು ಹಿಂದಿರುಗುವಾಗ ಆ ನಾಡಿನ ಗೊಂಬೆಯೊಂದನ್ನು ತರುವಂತೆ ಹೇಳುವುದನ್ನು ಮರೆಯಬೇಡಿ. ಮುಂದಿನ ನವರಾತ್ರಿಯಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಿನಲ್ಲಿ ಅದಕ್ಕೂ ಒಂದು ಸ್ಥಳವಿರಲಿ. ನೋಡಲು ಬಂದ ನೆರೆಮನೆಯ ಮಕ್ಕಳು ಅದರ ಹೆಸರನ್ನು ಕೇಳಿಯೇ ಕೇಳುವರು. ಅದನ್ನು ಹೇಳುವ ಕೆಲಸ ನಿಮ್ಮ ವಿದ್ಯಾರ್ಥಿಯದು.