ಜ್ವರದಾಗ ಮಾಡಿಸಿದ ಥೈರಾಯ್ಡ್ ಟೆಸ್ಟು

ನಮ್ಮ ವೈನಿ ನ್ಯುಮೋನಿಯಾ ಅಂತ ಇಲ್ಲೇ ಪುಣೆಯ ಆಸ್ಪತ್ರೆಯೊಂದರಲ್ಲಿ ಒಂಬತ್ತು ದಿನ ಇದ್ದರು. ಮನೆಗೆ ಬರುವ ಹಿಂದಿನ ದಿನದ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 9. ಎದೆಯ ಸಿಟಿ ಸ್ಕ್ಯಾನಿನಲ್ಲಿ ಥೈರಾಯ್ಡಿನಲ್ಲೊಂದು 8 ಮಿಲಿಮೀಟರಿನ ಗಂಟು. ಸರಿ, ಶುರುವಾಯಿತು! "ಕ್ಯಾನ್ಸರ್ ಇರಬಹುದಾ?" ಅಂತ ಅಣ್ಣ. "ನಾ ತಗೋಳೋ ಗುಳಗೀನ ಚಾಲೂ ಮಾಡ್ರಿ" ಅಂತ ಮೇಲಿನ ಮನೆಯ ಕಾಕು.

ನಾನು ಹೇಳುವುದಿಷ್ಟೇ. ಬೇರೆ ಕಾಯಿಲೆಯಲ್ಲಿ ಮಲಗಿದಾಗ ಬಂದ ಥೈರಾಯ್ಡ್ ರಿಪೋರ್ಟಿನ ಮೇಲೆ ಅವಸರದ ತೀರ್ಪು ಬೇಡ.

ಜೋರು ಕಾಯಿಲೆಯಲ್ಲಿ ಮೊದಲು ಟಿ3 ಇಳಿಯುತ್ತದೆ, ಟಿಎಸ್‌ಎಚ್ ಕೂಡ ತಗ್ಗಬಹುದು. ಚೇತರಿಸಿಕೊಳ್ಳುವಾಗ ಅದೇ ಟಿಎಸ್‌ಎಚ್ ಕೆಲದಿನ ಮೇಲೇರುತ್ತದೆ, ಕೆಲವೊಮ್ಮೆ 20ರ ತನಕ. ಗ್ರಂಥಿ ಚೆನ್ನಾಗಿಯೇ ಇರುತ್ತದೆ, ಅಂಕಿ ಮಾತ್ರ ಹಾರಾಡುತ್ತದೆ. ಸ್ಟೀರಾಯ್ಡ್ ಕೊಟ್ಟಿದ್ದರೆ ಟಿಎಸ್‌ಎಚ್ ಇಳಿಯುತ್ತದೆ. ಕೂದಲಿಗೆಂದು ನುಂಗುವ ಬಯೋಟಿನ್ ಕೂಡ ಕೆಲವು ಯಂತ್ರಗಳಲ್ಲಿ ಸುಳ್ಳು ಲೆಕ್ಕ ಕೊಡಿಸುತ್ತದೆ. ಸುಮ್ಮನೆ ಗುಳಿಗೆ ಶುರು ಮಾಡಿ ಅದು ಹೆಚ್ಚಾದರೆ ಎದೆಬಡಿತ ತಪ್ಪುತ್ತದೆ, ಎಲುಬು ಸವೆಯುತ್ತದೆ. ಹಾಗಂತ ಮೊದಲಿಂದ ತಗೊಳ್ಳುತ್ತಿರುವವರು ಇದನ್ನೋದಿ ನಿಲ್ಲಿಸಬೇಡಿ ಮತ್ತೆ! ಬಸುರಿಯರ ಲೆಕ್ಕವೂ ಬೇರೆ. ಅವರು ಕಾಯದೆ ಡಾಕ್ಟರನ್ನು ಕಾಣಬೇಕು.

ಇನ್ನು ಗಂಟು. ವಯಸ್ಸಾದಂತೆ, ಅದರಲ್ಲೂ ಹೆಂಗಸರಲ್ಲಿ, ಇದು ತೀರಾ ಸಾಮಾನ್ಯ. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಗಂಟುಗಳು ಕ್ಯಾನ್ಸರ್ ಅಲ್ಲ. ದಕ್ಷಿಣ ಕೊರಿಯಾದಲ್ಲಿ 1999ರ ನಂತರ ಕ್ಯಾನ್ಸರ್ ತಪಾಸಣೆಯ ಜೊತೆಗೆ ಕತ್ತಿನ ಅಲ್ಟ್ರಾಸೌಂಡೂ ಸೇರಿಕೊಂಡಿತು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವುದು 1993ಕ್ಕಿಂತ ಹದಿನೈದು ಪಟ್ಟಾಯಿತು, ಸಾವಿನ ಪ್ರಮಾಣ ಮಾತ್ರ ಇದ್ದಲ್ಲೇ ಇತ್ತು. ಹುಡುಕಿದಷ್ಟೂ ಸಿಕ್ಕಿತು, ಅಷ್ಟೇ. ಆದರೆ ಗಂಟು ಬೇಗ ಬೆಳೆದರೆ, ದನಿ ಒಡೆದರೆ, ನುಂಗಲು ಕಷ್ಟವಾದರೆ, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ತಡಮಾಡಬಾರದು. ಅಲ್ಟ್ರಾಸೌಂಡಿನಲ್ಲಿ ಅನುಮಾನ ಬಂದರೆ, ಗಾತ್ರ ನೋಡಿ ಸೂಜಿ ಪರೀಕ್ಷೆ ಮಾಡುತ್ತಾರೆ.

ವೈನಿಯ ಡಾಕ್ಟರು ಗುಳಿಗೆ ಬರೆಯಲಿಲ್ಲ. ಆರು ವಾರ ಬಿಟ್ಟು ಮತ್ತೆ ರಕ್ತ ಕೊಡಲು ಹೇಳಿದರು. ಆಗ ಟಿಎಸ್‌ಎಚ್ 3.1. ಅಲ್ಟ್ರಾಸೌಂಡಿನಲ್ಲೂ ಗಂಟು ಸಂಶಯದ್ದಲ್ಲ. ಮುಂದಿನ ವರ್ಷ ಮತ್ತೊಮ್ಮೆ ನೋಡೋಣ ಅಂದಿದ್ದಾರೆ.

ಊರಿನಿಂದ ಅಪ್ಪ-ಅಮ್ಮನ ರಿಪೋರ್ಟಿನ ಫೋಟೋ ನಿಮ್ಮ ಮೊಬೈಲಿಗೂ ಬರುತ್ತಿರಬೇಕಲ್ಲ? ಕೆಂಪು ಅಕ್ಷರ ಕಂಡೊಡನೆ ಗಾಬರಿಯಾಗುವ ಮೊದಲು ಮೂರು ಮಾತು ಕೇಳಿ: ರಕ್ತ ಕೊಟ್ಟದ್ದು ಯಾವ ದಿನ? ಆಗ ಮೈಯಲ್ಲಿ ಏನಿತ್ತು? ಯಾವ ಔಷಧ ನಡೆದಿತ್ತು? ಆ ಮೂರನ್ನೂ ಚೀಟಿಯಲ್ಲಿ ಬರೆದು ರಿಪೋರ್ಟಿನ ಜೊತೆ ಡಾಕ್ಟರ ಮುಂದಿಡಿ. ಫೈಲಿನಲ್ಲಿ ಅದೊಂದೇ ಇರುವುದಿಲ್ಲ ನೋಡಿ.