ಗೃಹವಿಚಾರ: ಪಂಕ್ತಿಯೂ ಪಾತ್ರೆಯೂ



ಮೊನ್ನೆ ನೆರೆಮನೆಯ ಗೃಹಸ್ಥರೊಬ್ಬರು ಬಂದು, "ಮೇಷ್ಟ್ರೇ, ಮನೆಯಲ್ಲಿ ಇಪ್ಪತ್ತು ಮಂದಿಗೆ ಊಟವಿಟ್ಟುಕೊಂಡಿದ್ದೇವೆ. ಎಲೆ ಹಾಕಿಸೋಣವೋ, ಪಿಂಗಾಣಿಯ ತಟ್ಟೆಗಳನ್ನು ಕೊಳ್ಳೋಣವೋ?" ಎಂದು ಕೇಳಿದರು. ಪ್ರಶ್ನೆಯು ಅಲ್ಪವಾಗಿ ತೋರಿದರೂ ಅದರೊಳಗೆ ಗೃಹಸ್ಥಧರ್ಮದ ಒಂದು ಭಾಗವೇ ಅಡಗಿರುವುದರಿಂದ, ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು.

ಸಂಸ್ಕೃತದಲ್ಲಿ 'ಪಾತ್ರ' ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಉಣ್ಣುವ ಉಪಕರಣವೂ ಪಾತ್ರವೇ. ದಾನಮಾನಗಳಿಗೆ ಯೋಗ್ಯನಾದ ಮನುಷ್ಯನೂ ಪಾತ್ರನೇ. ಮೊದಲನೆಯದನ್ನು ಆರಿಸುವಾಗ ಎರಡನೆಯವನನ್ನು ಮರೆಯಬಾರದೆಂಬುದೇ ಈ ಲೇಖನದ ಸಾರವು.

ಭೋಜನದ ಉಪಕರಣಗಳ ಚಿಂತೆಯು ನಮ್ಮಲ್ಲಿ ಹೊಸತಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಅನ್ನಭೋಗಕ್ಕೆಂದೇ ಒಂದು ಪ್ರಕರಣವಿರುವುದು. ಅರಸನಿಗೆ ಚಿನ್ನದ ತಟ್ಟೆಯು ಸಲ್ಲಬಹುದು. ನಾವು ನಮ್ಮ ಮನೆಯ ಅನುಕೂಲವನ್ನು ನೋಡಿ ನಡೆಯತಕ್ಕವರು.

ಮೊದಲು ಲೋಹದ ಮಾತು. ತಾಮ್ರ ಹಿತ್ತಾಳೆಗಳ ಪಾತ್ರೆಗಳು ನೋಡಲು ಗಂಭೀರವಾದರೂ ಹುಳಿಯ ಪದಾರ್ಥವು ಅವುಗಳೊಡನೆ ಸೇರಿ ಕಿಲುಬನ್ನುಂಟುಮಾಡುವುದು. ಅದು ಹೊಟ್ಟೆಗೆ ವಿಷಪ್ರಾಯವು. ಆದುದರಿಂದಲೇ ಹಿರಿಯರು ಪಾತ್ರೆಯನ್ನು ಕಾಯಿಸಿ, ನವಸಾಗರದಿಂದ ಶುದ್ಧಮಾಡಿ, ಒಳಗೆ ತವರವನ್ನು ಸವರಿ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಸವೆದ ಪಾತ್ರೆಯಲ್ಲಿ ಸಾರು, ಮೊಸರು, ಗೊಜ್ಜುಗಳನ್ನು ಇಡಲೇಕೂಡದು. ಅಲ್ಯುಮಿನಿಯಮ್ಮಿನ ಪಾತ್ರೆಯಲ್ಲಿಯೂ ಹುಳಿಯನ್ನು ಬಹಳ ಹೊತ್ತು ಬಿಡಬಾರದು. ಈಗ ಮನೆಮನೆಗಳಲ್ಲಿರುವ ತುಕ್ಕು ಹಿಡಿಯದ ಉಕ್ಕು 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನ ಪ್ರಯೋಗಗಳಿಂದ ಪ್ರಸಿದ್ಧಿಗೆ ಬಂದಿತು. ಕಬ್ಬಿಣದೊಡನೆ ಕ್ರೋಮಿಯಮ್ಮು ನೂರಕ್ಕೆ ಸುಮಾರು ಹತ್ತೂವರೆ ಪಾಲಿಗೆ ಕಡಮೆಯಿಲ್ಲದಂತೆ ಸೇರಿರುವುದರಿಂದ, ಅದರ ಮೈಮೇಲೆ ಕಣ್ಣಿಗೆ ಕಾಣದ ಪೊರೆಯೊಂದು ಉಂಟಾಗಿ ತುಕ್ಕನ್ನು ತಡೆಯುವುದು. ನಿತ್ಯೋಪಯೋಗಕ್ಕೆ ಇದಕ್ಕಿಂತ ಸುಲಭವಾದುದಿಲ್ಲ.

ಪಿಂಗಾಣಿಯು ಮೇಜಿನ ಊಟಕ್ಕೆ ಅಂದವಾದುದೇ. ಆದರೆ ಒಳಮೈಯಲ್ಲಿ ಢಾಳಾದ ಬಣ್ಣ ಬಳಿದ ಅಗ್ಗದ ತಟ್ಟೆಗಳಲ್ಲಿ ಸೀಸವಿರುವ ಸಂಭವವುಂಟು. ಹುಳಿಯ ಆಹಾರವು ಅದನ್ನು ಸೆಳೆದುಕೊಳ್ಳುವುದು. ಬಿರುಕು ಬಿಟ್ಟ ತಟ್ಟೆಯನ್ನು ಅತಿಥಿಯ ಮುಂದೆ ಇಡದಿರುವುದು ಅಂದಕ್ಕಾಗಿ ಮಾತ್ರವಲ್ಲ, ಬಿರುಕಿನಲ್ಲಿ ಕೊಳೆಯು ನಿಲ್ಲುವುದೆಂಬುದಕ್ಕಾಗಿಯೂ ಹೌದು. ಒಮ್ಮೆ ಬಳಸಿ ಬಿಸುಡುವ ಪ್ಲಾಸ್ಟಿಕ್ಕಿನ ತಟ್ಟೆ ಲೋಟಗಳನ್ನಂತೂ ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಸರಕಾರವೇ ನಿಷೇಧಿಸಿರುವುದು.

ಇನ್ನು ಎಲೆಯ ವಿಷಯ. ಮಂದಿ ಹೆಚ್ಚಾದಲ್ಲಿ ಎಲೆಗೆ ಸಮನಾದುದಿಲ್ಲ. ಬಾಳೆಯೆಲೆ ದೊರೆಯದ ಬಯಲುಸೀಮೆಯಲ್ಲಿ ಮುತ್ತುಗದ ಎಲೆಗಳನ್ನು ಕಡ್ಡಿಗಳಿಂದ ಹಚ್ಚಿಟ್ಟುಕೊಳ್ಳುವರು. ಮಲೆನಾಡು ಕರಾವಳಿಗಳಲ್ಲಿ ಉದುರಿದ ಅಡಕೆಯ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ತಟ್ಟೆ ಮಾಡುವರು. ಬಾಳೆಯೆಲೆಯನ್ನು ಹಾಕುವಾಗ ಅದರ ತುದಿಯು ಉಣ್ಣುವವರ ಎಡಕ್ಕಿರಬೇಕು. ಅಗಲವಾದ ಭಾಗವು ಬಲಗೈಗೆ ಒದಗಲೆಂಬುದೇ ಇದರ ಯುಕ್ತಿ. ಉಪ್ಪು, ಉಪ್ಪಿನಕಾಯಿ, ಚಟ್ನಿ, ಕೋಸಂಬರಿ, ಪಲ್ಯಗಳು ಮೇಲ್ಭಾಗದಲ್ಲಿ; ಅನ್ನವು ನಡುವೆ ಕೆಳಗೆ. ತೊವ್ವೆ, ತುಪ್ಪ, ಹುಳಿ, ಸಾರುಗಳಾದ ಮೇಲೆ ಭಕ್ಷ್ಯ, ಕಡೆಗೆ ಮಜ್ಜಿಗೆ. ಹರಿದುಹೋಗುವ ಪಾಯಸಕ್ಕೆ ದೊನ್ನೆಯನ್ನಿಡುವುದು ಒಳ್ಳೆಯದು. ಬಡಿಸುವ ಸೌಟು ಎಲೆಗೆ ತಗುಲಬಾರದು. ತಗುಲಿದರೆ ಒಬ್ಬರ ಎಂಜಲು ಇಡೀ ಪಂಕ್ತಿಗೆ ಹಂಚಿದಂತಾಗುವುದು.

ಮೊಣಕಾಲು ನೋವಿನವರನ್ನು ಮಣೆಯ ಮೇಲೆಯೇ ಕೂರಬೇಕೆಂದು ಬಲವಂತಪಡಿಸುವುದು ಸತ್ಕಾರವಲ್ಲ. ಮೇಜಿನ ಮೇಲೆಯೂ ಎಲೆಯನ್ನು ಹಾಕಬಹುದು. ಬಫೆಯೆಂಬ ಕ್ರಮದಲ್ಲಿ ಅವರವರೇ ಬಡಿಸಿಕೊಂಡರೆ ಅನ್ನವು ವ್ಯರ್ಥವಾಗುವುದು ಕಡಮೆಯಾಗಬಹುದು. ಆದರೆ ವೃದ್ಧರಿಗೂ ಮಕ್ಕಳಿಗೂ ತಟ್ಟೆ ಹಿಡಿದು ನಿಲ್ಲುವುದು ಕಷ್ಟವಾದುದರಿಂದ, ಅಂಥವರನ್ನು ಕೂರಿಸಿ ಮನೆಯವರೇ ಬಡಿಸತಕ್ಕದ್ದು.

ಇಷ್ಟೆಲ್ಲ ಉಪದೇಶಮಾಡುವ ನಾವೇ ತಪ್ಪಿದ ಸಂಗತಿಯನ್ನು ಮರೆಮಾಚುವುದು ನ್ಯಾಯವಲ್ಲ.

ನಮ್ಮಲ್ಲಿ ತಂದೆಯವರ ಕಾಲದ ಆರು ಬೆಳ್ಳಿಯ ತಟ್ಟೆಗಳಿರುವುವು. ಮೊಮ್ಮಗಳ ನಾಮಕರಣದ ದಿನ ಅವುಗಳನ್ನು ಉಜ್ಜಿಸಿ ಹೊರತೆಗೆದೆವು. ಮೊದಲನೆಯ ಪಂಕ್ತಿಯಲ್ಲಿ ಕುಳಿತವರು ಹತ್ತು ಮಂದಿ. ಬೀಗರಿಗೂ ಇಬ್ಬರು ಅಧಿಕಾರಿಗಳಿಗೂ ಬೆಳ್ಳಿಯನ್ನಿಟ್ಟು, ಉಳಿದ ನಾಲ್ವರಿಗೆ ಉಕ್ಕಿನ ತಟ್ಟೆಗಳನ್ನಿರಿಸಿದೆವು. ಆ ನಾಲ್ವರಲ್ಲಿ, ನಾವು ಉಪಾಧ್ಯಾಯರಾಗಿದ್ದ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಗಂಟೆ ಬಾರಿಸಿದ ಜವಾನನೂ ಒಬ್ಬನು. ನಾವು ಜ್ವರದಲ್ಲಿ ಮಲಗಿದ್ದಾಗ ಮೂರು ಮೈಲಿ ನಡೆದು ಔಷಧವನ್ನು ತಂದುಕೊಟ್ಟವನು ಅವನೇ. ಅವನು ತನ್ನ ತಟ್ಟೆಯನ್ನೂ ಪಕ್ಕದ ತಟ್ಟೆಯನ್ನೂ ಒಮ್ಮೆ ನೋಡಿದನು. ಏನೂ ಆಡಲಿಲ್ಲ. ಎರಡನೆಯ ಸಲ ಅನ್ನವನ್ನು ಹಾಕಿಸಿಕೊಳ್ಳಲಿಲ್ಲ. ತಾಂಬೂಲಕ್ಕೆ ನಾವು ಹುಡುಕುವಷ್ಟರಲ್ಲಿ ಹೊರಟುಹೋಗಿದ್ದನು.

ರಾತ್ರಿ ನಮ್ಮ ಮನೆಯಾಕೆಯು ತಟ್ಟೆಗಳನ್ನು ಒರೆಸುತ್ತ, "ಹತ್ತು ಎಲೆ ಹಾಕಿದ್ದರೆ ಆಗುತ್ತಿರಲಿಲ್ಲವೇ? ಆರು ತಟ್ಟೆ ಇವೆಯೆಂದು ತೋರಿಸಹೋಗಿ, ನಾಲ್ಕು ಇಲ್ಲವೆಂದು ತೋರಿಸಿದಿರಿ" ಎಂದಳು. ಉತ್ತರ ಕೊಡಲು ನಮಗೆ ಬಾಯಿ ಬರಲಿಲ್ಲ. ಪಂಕ್ತಿಭೇದವು ದೋಷವೆಂದು ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನಾವು!

ನಾಲ್ಕು ದಿನಗಳ ಮೇಲೆ ತಾಂಬೂಲವನ್ನು ತೆಗೆದುಕೊಂಡು ಅವನ ಮನೆಗೆ ಹೋದೆವು. ಕ್ಷಮೆಯ ಮಾತನ್ನು ಎತ್ತುವುದಕ್ಕೆ ಮೊದಲೇ ಅವನು, "ಊಟದ ಹೊತ್ತಿಗೆ ಬಂದಿದ್ದೀರಿ ಮೇಷ್ಟ್ರೇ, ಕೈ ತೊಳೀರಿ" ಎಂದು ಮುತ್ತುಗದ ಎಲೆಗಳನ್ನು ಹಾಸಿದನು. ನಮಗೊಂದು, ತನಗೊಂದು, ಮಗನಿಗೊಂದು. ಮೂರೂ ಒಂದೇ ತೆರನಾದುವು. ಮುದ್ದೆಯನ್ನೂ ಸೊಪ್ಪಿನ ಸಾರನ್ನೂ ಬಡಿಸಿ, "ಸಾವಕಾಶವಾಗಿ ಆಗಲಿ" ಎಂದ ಅವನ ಪತ್ನಿಯನ್ನೂ ಅವನೇ ಕರೆದು, "ನೀನೂ ಕೂತ್ಕೋ, ಬೇಕಾದವರು ಹಾಕ್ಕೋತಾರೆ" ಎಂದು ಕೂರಿಸಿದನು. ಎಲೆಗಳು ನಾಲ್ಕಾದುವು. ಉಪಚಾರದ ಯಾವ ಶಾಸ್ತ್ರವನ್ನೂ ಓದದ ಮನೆಯಲ್ಲಿ ಅಂದು ನಾವು ಪಾಠ ಕಲಿತೆವು.

ಆದಕಾರಣ ನೆರೆಮನೆಯವರಿಗೆ ನಾವು ಕೊಟ್ಟ ಉತ್ತರವು ಇಷ್ಟೇ. ಪಾತ್ರೆಯು ಯಾವುದಾದರೂ ಆಗಲಿ, ಪಂಕ್ತಿಗೆಲ್ಲ ಒಂದೇ ಆಗಿರಲಿ. ಇಪ್ಪತ್ತು ಮಂದಿಗೆ ಸಾಲದ ಪಿಂಗಾಣಿಯನ್ನು ಸಾಲಮಾಡಿ ಕೊಳ್ಳುವುದಕ್ಕಿಂತ ಇಪ್ಪತ್ತು ಎಲೆಗಳನ್ನು ತರುವುದು ಲೇಸು. ಬೆಳಗಿನಿಂದ ಒಲೆಯ ಮುಂದೆ ಬೆಂದ ಹೆಂಗಸರಿಗೆ ಕಡೆಯ ಪಂಕ್ತಿಯಲ್ಲಿ ತಳಹಿಡಿದ ಅನ್ನವೂ ಆರಿದ ಹುಳಿಯೂ ಉಳಿಯುವಂತೆ ಮಾಡಬೇಡಿರಿ. ಗಂಡಸರು ಸೌಟು ಹಿಡಿದರೆ ಗೌರವವೇನೂ ಕುಂದದು.

ಅವರು ಎಲೆಯನ್ನೇ ಹಾಕಿಸುವುದೆಂದು ನಿಶ್ಚಯಿಸಿರುವರು. ಆ ದಿನ ತುಪ್ಪದ ಮಿಳ್ಳೆಯನ್ನು ಹಿಡಿದು ಬಡಿಸುವ ಕೆಲಸವನ್ನು ನಾವೇ ಕೇಳಿ ಪಡೆದಿರುವೆವು.