ಹೆಸರು ಒಂದೇ, ಖಾತೆ ಬೇರೆ ಬೇರೆ



ಕಳೆದ ತಿಂಗಳು ರಜೆಯ ದಿನ, ದುಬೈಯ ಒಂದು ಗೋಡೌನಿನಲ್ಲಿ ಮೂಟೆ ಎತ್ತುವ ನಮ್ಮ ಕುಂದಾಪುರ ಕಡೆಯ ಹುಡುಗ ರೂಮಿಗೆ ಬಂದಿದ್ದ. ಕಿಸೆಯಿಂದ ಒಂದು ಪುಟ್ಟ ಬಾಟಲಿ ತೆಗೆದು, "ಅಣ್ಣ, ಇದು ಪೆಪ್ಟೈಡ್ ಇಂಜೆಕ್ಷನ್ ಅಂತೆ, ಭುಜದ ನೋವಿಗೆ. ಇನ್ಸುಲಿನ್ ಸಹ ಇದೇ ಜಾತಿ, ಹೆದರೋದು ಬೇಡ ಅಂದ್ರು ಜಿಮ್ಮಿನವರು" ಅಂದ. ಕೊಟ್ಟದ್ದು 350 ದಿರ್ಹಮ್. ರಶೀದಿ ಇಲ್ಲ. ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ "ಸಂಶೋಧನೆಗೆ ಮಾತ್ರ, ಮನುಷ್ಯರ ಬಳಕೆಗಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅವನು ಅದನ್ನು ಓದಿರಲಿಲ್ಲ.

ನಾವು ಡಾಕ್ಟರಲ್ಲ, ಬಿಕಾಂ ಮಾಡಿ ಲೆಕ್ಕ ಬರೆಯುವವರು. ಆದರೆ ಲೆಕ್ಕ ಬರೆಯುವವರಿಗೂ ಕೇಳಲು ಮೂರು ಪ್ರಶ್ನೆ ಉಂಟು: ಇದು ಯಾವ ಕಾಯಿಲೆಗೆ? ಮಂಜೂರು ಮಾಡಿದ್ದು ಯಾರು? ಬಿಲ್ ಯಾರದ್ದು?

ಜಿಮ್ಮಿನವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಅಮೈನೊ ಆಮ್ಲಗಳ ಚಿಕ್ಕ ಸರಪಳಿಗೆ ಪೆಪ್ಟೈಡ್ ಅನ್ನುತ್ತಾರೆ. ಆದರೆ ಬ್ಯಾಂಕಿನ ಚೆಕ್ ಸಹ ಕಾಗದವೇ, ಹಳೇ ಕ್ಯಾಲೆಂಡರಿನ ಹಾಳೆ ಸಹ ಕಾಗದವೇ. ಹಣ ಸಿಗುವುದು ಯಾವುದಕ್ಕೆ?

ಇನ್ಸುಲಿನ್ ತೆಗೆದುಕೊಳ್ಳಿ. 51 ಕೊಂಡಿ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನಿಗೆ ಮೊದಲು ಕೊಟ್ಟರು. ಸಕ್ಕರೆ ಕಾಯಿಲೆಯವರ ಜೀವ ಉಳಿಸಿದ ನೂರು ವರ್ಷಗಳ ಲೆಕ್ಕ ಅದರ ಹಿಂದೆ ಉಂಟು.

ಟೆರಿಪ್ಯಾರಟೈಡ್, 34 ಕೊಂಡಿ. ಮೂಳೆ ಸವೆತಕ್ಕೆ. ಅಮೆರಿಕದ ಔಷಧ ಇಲಾಖೆ, ಅಂದ್ರೆ ಎಫ್‌ಡಿಎ, 2002ರಲ್ಲಿ ಒಪ್ಪಿತು.

ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್. ಓಜೆಂಪಿಕ್ ಹೆಸರಿನಲ್ಲಿ ಟೈಪ್ 2 ಸಕ್ಕರೆ ಕಾಯಿಲೆಗೆ 2017ರಲ್ಲಿ, ವೆಗೋವಿ ಹೆಸರಿನಲ್ಲಿ ತೂಕ ಇಳಿಸಲು 2021ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಮದ್ದು ಒಂದೇ ಆದರೂ ಎರಡು ಉಪಯೋಗಕ್ಕೆ ಎರಡು ಸಲ ಪರೀಕ್ಷೆ. ಮೌಂಜಾರೊ, ಅಂದ್ರೆ ಟಿರ್ಜೆಪಟೈಡ್, ಅಲ್ಲಿ 2022ರಲ್ಲಿ ಬಂತು. ನಮ್ಮ ಊರಿಗೆ 2025ರ ಮಾರ್ಚಿನಲ್ಲಿ. ಇವಕ್ಕೂ ವಾಂತಿ, ಹೊಟ್ಟೆ ತೊಳಸುವಿಕೆಯಂಥ ತೊಂದರೆ ಉಂಟು. ಅದಕ್ಕೇ ಡಾಕ್ಟರ ಚೀಟಿ ಬೇಕೇ ಬೇಕು.

ಇನ್ನು ಹುಡುಗನ ಬಾಟಲಿ: ಬಿಪಿಸಿ-157. 15 ಕೊಂಡಿ. ಪ್ರಯೋಗ ಆದದ್ದು ಹೆಚ್ಚಾಗಿ ಇಲಿಗಳ ಮೇಲೆ. ಎಫ್‌ಡಿಎ ಇದನ್ನು ಯಾವ ಕಾಯಿಲೆಗೂ ಮದ್ದು ಎಂದು ಒಪ್ಪಿಲ್ಲ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ವಾಡಾ ಸಂಸ್ಥೆ 2022ರಿಂದ ತನ್ನ ನಿಷೇಧಿತ ಪಟ್ಟಿಯಲ್ಲಿ ಇದರ ಹೆಸರು ಹಾಕಿದೆ. ಒಳಗೆ ನಿಜಕ್ಕೂ ಅದೇ ಇದೆಯಾ, ಎಷ್ಟಿದೆ, ಶುದ್ಧ ಉಂಟಾ? ಕೇಳಿದರೆ ಉತ್ತರ ಕೊಡುವವರಿಲ್ಲ. ಮೂರು ಪ್ರಶ್ನೆಗೂ ಖಾನೆ ಖಾಲಿ.

"ಮತ್ತೆ ಡಾಕ್ಟರ ಹತ್ರ ಯಾಕೆ ಹೋಗ್ಲಿಲ್ಲ ಮಾರಾಯ?" ಅಂತ ಕೇಳಿದೆವು. ತಲೆ ತಗ್ಗಿಸಿ, "ರಜೆ ಹಾಕಿದ್ರೆ ಸಂಬಳ ಕಟ್ ಮಾಡ್ತಾರೆ ಅಣ್ಣ, ತಂಗಿ ಮದುವೆ ಉಂಟು" ಅಂದ.

ನಿಜವಾದ ನೋವು ಇದ್ದದ್ದು ಅಲ್ಲಿ. ಇದು ನಮ್ಮ ಕಸುಬಿನ ವಿಷಯ, ಹಾಗಾಗಿ ಧೈರ್ಯವಾಗಿ ಹೇಳುತ್ತೇವೆ. ಯುಎಇ ಕಾರ್ಮಿಕ ಕಾನೂನಿನ ಪ್ರಕಾರ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನದವರೆಗೆ ಸಿಕ್ ಲೀವ್ ಉಂಟು: ಮೊದಲ 15 ದಿನ ಪೂರ್ತಿ ಸಂಬಳ, ಮುಂದಿನ 30 ದಿನ ಅರ್ಧ, ಉಳಿದದ್ದಕ್ಕೆ ಸಂಬಳವಿಲ್ಲ. ಮೂರು ಕೆಲಸದ ದಿನಗಳೊಳಗೆ ಕಂಪನಿಗೆ ತಿಳಿಸಬೇಕು, ಡಾಕ್ಟರ ಸರ್ಟಿಫಿಕೇಟ್ ಕೊಡಬೇಕು. ಕೆಲಸದಲ್ಲೇ ಆದ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಕಂಪನಿಯದ್ದು.

ಮರುದಿನ ನಾವೇ ಅವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು. ಡಾಕ್ಟರು ಎರಡು ವಾರ ಭಾರ ಎತ್ತಬಾರದು ಅಂದರು, ಸರ್ಟಿಫಿಕೇಟ್ ಬರೆದುಕೊಟ್ಟರು. 14 ದಿನ, ಸಂಬಳದಲ್ಲಿ ಒಂದು ದಿರ್ಹಮೂ ಕಡಿಮೆ ಬರಲಿಲ್ಲ. ಹೋದದ್ದು ಆ 350 ಮಾತ್ರ.

ನಿಮ್ಮ ರೂಮಿನಲ್ಲೂ ಅಂಥ ಬಾಟಲಿ ಇದ್ದರೆ, ಸೂಜಿ ಚುಚ್ಚುವ ಮೊದಲು ಆ ಮೂರು ಪ್ರಶ್ನೆ ಕೇಳಿ. ಮುಂದಿನ ತಿಂಗಳು ಸಿಗೋಣ.